ಕ್ಯೂ ಹಿಡಿಯಲು ಎಷ್ಟು ಬೆರಳು ಬೇಕು?

ಸ್ನೂಕರ್ ಪಾರ್ಲರಿನಲ್ಲಿ ಹೊಸಬರನ್ನು ಗುರುತಿಸಲು ಸ್ಕೋರ್ ಬೋರ್ಡ್ ನೋಡಬೇಕಿಲ್ಲ, ಕ್ಯೂವಿನ ಹಿಂಬದಿಯನ್ನು, ಅಂದರೆ ಬಟ್ಟನ್ನು, ಹಿಡಿದ ಕೈ ನೋಡಿದರೆ ಸಾಕು. ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತವೆ. ಮಣಿಕಟ್ಟಿನ ನರ ಉಬ್ಬಿರುತ್ತದೆ. ಐದೂ ಬೆರಳು ಹಾರೆ ಹಿಡಿದ ಹಾಗೆ ಬಟ್ಟನ್ನು ಸುತ್ತಿ ಬಿಗಿದಿರುತ್ತವೆ. ಗುರಿಯೇನೋ ಸರಿಯಾಗಿಯೇ ಇರುತ್ತದೆ, ಆದರೂ ಕೆಂಪು ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ಹೊರಗೆ ಉರುಳುತ್ತದೆ. 'ಛೇ, ಆ್ಯಂಗಲ್ ತಪ್ಪಿತು' ಎಂದು ಹುಡುಗ ತಲೆ ಕೊಡವುತ್ತಾನೆ. ಮುಂದಿನ ಸಲ ಇನ್ನಷ್ಟು ಹೊತ್ತು ಗುರಿ ನೋಡುತ್ತಾನೆ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ, ಇನ್ನಷ್ಟು ದೂರ ತಪ್ಪುತ್ತಾನೆ. ಪಾಪ, ಕಣ್ಣಿನ ಮೇಲೆ ಹೊರಿಸುವ ತಪ್ಪುಗಳಲ್ಲಿ ಬಹುಪಾಲು ಈ ಕೈಯದೇ.

ಸ್ವಲ್ಪ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಸಾಮಾನ್ಯ ಕ್ಯೂ 57ರಿಂದ 58 ಇಂಚು, ಅಂದರೆ ಹೆಚ್ಚುಕಡಿಮೆ 147 ಸೆಂ.ಮೀ. ಉದ್ದವಿರುತ್ತದೆ. ಮೇಜಿನ ಮೇಲೆ ಊರಿದ ಕೈಗೆ ಆಟಗಾರರು ಬ್ರಿಜ್ ಎನ್ನುತ್ತಾರೆ. ಅದು ಬಿಳಿ ಚೆಂಡಿನಿಂದ 25-30 ಸೆಂ.ಮೀ. ಹಿಂದಿರುತ್ತದೆ, ಬಟ್ ಹಿಡಿದ ಕೈ ಬ್ರಿಜ್ಜಿನಿಂದ ಒಂದು ಮೀಟರಿಗೂ ತುಸು ಹೆಚ್ಚು ಹಿಂದಿರುತ್ತದೆ. ಹೊಡೆಯುವಾಗ ಹಿಂದಿನ ಕೈ ಪಕ್ಕಕ್ಕೆ ಒಂದೇ ಸೆಂ.ಮೀ. ಸರಿಯಿತು ಎಂದುಕೊಳ್ಳೋಣ. ಬ್ರಿಜ್ಜಿನ ಮೇಲೆ ಕ್ಯೂ ತಿರುಗಿ, ಅದರ ಮುಂತುದಿಯ ಟಿಪ್ ಎದುರು ದಿಕ್ಕಿಗೆ ಎರಡೂವರೆ ಮಿ.ಮೀ.ನಷ್ಟು ಸರಿಯುತ್ತದೆ. ಚೆಂಡಿನ ವ್ಯಾಸವೇ 52.5 ಮಿ.ಮೀ. ನಡುವಿನಿಂದ ಅಂಚಿಗೆ ಇರುವ ದೂರದ ಹತ್ತನೇ ಒಂದು ಭಾಗದಷ್ಟು ಟಿಪ್ ಆಚೆ ಬಿತ್ತೆಂದರೆ ಬೇಡದ ಸೈಡ್, ಅಂದರೆ ಪಕ್ಕದ ತಿರುಗು, ಹತ್ತಿತು, ಚೆಂಡು ದಾರಿ ಬಿಟ್ಟಿತು.

ಮೇಜಂತೂ ದೊಡ್ಡದು. ಆಡುವ ಜಾಗವೇ 3569 ಮಿ.ಮೀ. ಉದ್ದ, 1778 ಮಿ.ಮೀ. ಅಗಲ. ನಟ್ಟನಡುವಿನ ನೀಲಿ ಚೆಂಡಿನಿಂದ ಮೂಲೆಯ ಪಾಕೆಟ್ಟಿಗೆ ಸುಮಾರು ಎರಡು ಮೀಟರ್. ಅಷ್ಟು ದೂರಕ್ಕೆ ನೀಲಿ ಒಂದು ಡಿಗ್ರಿ ವಾಲಿದರೆ ಮೂರೂವರೆ ಸೆಂ.ಮೀ. ಆಚೆ ಹೋಗುತ್ತದೆ. ಪಾಕೆಟ್ಟಿನ ಬಾಯಿ ಸುಮಾರು ಮೂರೂವರೆ ಇಂಚು, ಅಂದರೆ ಚೆಂಡಿನ ಎರಡೂ ಪಕ್ಕ ಉಳಿಯುವ ಜಾಗ ಎರಡು ಸೆಂ.ಮೀ. ಕೂಡ ಇಲ್ಲ.

ಇನ್ನು ಟಿಪ್ ಚೆಂಡಿಗೆ ತಾಗಿಕೊಂಡಿರುವ ಹೊತ್ತು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಆ ಗಳಿಗೆಯಲ್ಲಿ ಯಾವ ಕೈಯೂ ಏನನ್ನೂ ತಿದ್ದಲಾರದು. ಮಾಡುವುದೆಲ್ಲ ಅದಕ್ಕೆ ಮುಂಚೆಯೇ ಮುಗಿದಿರಬೇಕು.

ಸರಿಯಾದ ಹಿಡಿತ ಮೇಜಿನ ಬಳಿ ಶುರುವಾಗುವುದಿಲ್ಲ. ನೆಟ್ಟಗೆ ನಿಂತು ತೋಳನ್ನು ಸುಮ್ಮನೆ ಇಳಿಬಿಟ್ಟರೆ ಅಂಗೈ ತೊಡೆಯ ಕಡೆಗಿರುತ್ತದೆ, ಬೆರಳುಗಳು ತಾವಾಗಿಯೇ ಅರ್ಧ ಮಡಚಿಕೊಂಡಿರುತ್ತವೆ. ಕ್ಯೂ ಬರಬೇಕಾದದ್ದು ಆ ಕೈಯೊಳಗೆ, ಅದು ಇದ್ದ ಹಾಗೆಯೇ. ಹೆಬ್ಬೆರಳು ಮತ್ತು ತೋರುಬೆರಳು ಬಟ್ಟಿನ ಸುತ್ತ ಒಂದು ಸಡಿಲ ಉಂಗುರ ಮಾಡುತ್ತವೆ. ಹೆಬ್ಬೆರಳ ತುದಿ ನೆಲ ನೋಡುತ್ತಿರುತ್ತದೆ. ನಡುಬೆರಳು ಆ ಉಂಗುರಕ್ಕೆ ಆಸರೆ. ಉಂಗುರಬೆರಳು, ಕಿರುಬೆರಳು ಕ್ಯೂವಿಗೆ ತಾಗಿರುತ್ತವೆ ಅಷ್ಟೆ, ಹಿಡಿದಿರುವುದಿಲ್ಲ. ಮೇಲಿನಿಂದ ನೋಡಿದರೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದು ಕ್ಯೂವಿನ ನೇರಕ್ಕೇ ಇರಬೇಕು.

ತಲೆಬರಹದ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೊರಲು ಎರಡು, ಹೆಚ್ಚೆಂದರೆ ಮೂರು. ಉಳಿದವು ಜೊತೆಗಿದ್ದರೆ ಸಾಕು. ಕ್ಯೂವಿನ ತೂಕ 17-18 ಔನ್ಸ್, ಅಂದರೆ ಅರ್ಧ ಕಿಲೋ ಆಸುಪಾಸು. ಅದರಲ್ಲೂ ಮೂರರಲ್ಲೊಂದು ಪಾಲನ್ನು ಬ್ರಿಜ್ ಹೊತ್ತುಕೊಳ್ಳುತ್ತದೆ. ಹಿಂದಿನ ಕೈಗೆ ಬೀಳುವುದು ಮುನ್ನೂರಮೂವತ್ತು ಗ್ರಾಂ ಆಸುಪಾಸು ಅಷ್ಟೇ. ಇಷ್ಟಕ್ಕೆ ಮುಷ್ಟಿ ಬಿಗಿಯುವ ಅಗತ್ಯವೇನಿದೆ? ಬಿಗಿ ಎಷ್ಟಿರಬೇಕೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹೊಡೆಯುವ ಭಂಗಿಯಲ್ಲಿ ನಿಂತಾಗ ಜೊತೆಗಾರ ಟಿಪ್ಪಿನ ಕಡೆಯಿಂದ ಕ್ಯೂವನ್ನು ಮೆಲ್ಲಗೆ ಎಳೆಯಬೇಕು. ಕ್ಯೂ ಬೆರಳೊಳಗಿಂದ ಜಾರಿ ಮುಂದೆ ಬಂದರೆ ಹಿಡಿತ ಸರಿ. ಅದರ ಜೊತೆ ತೋಳೂ ಭುಜವೂ ಎಳೆದುಕೊಂಡು ಬಂದರೆ ಬಿಗಿ ಹೆಚ್ಚಾಯಿತು. ಎಳೆಯುವ ಮೊದಲೇ ಬಟ್ ಅಲುಗಾಡುತ್ತಿದ್ದರೆ ತೀರಾ ಸಡಿಲ. ಆದರೆ ಈ ಕೊನೆಯ ತೊಂದರೆ ಅಪರೂಪ.

ಪುಸ್ತಕಗಳ ಚಿತ್ರಗಳಲ್ಲಿ ಸಿಗದ ಭಾಗ ಮುಂದಿನದು. ಚಿತ್ರ ತೋರಿಸುವುದು ನಿಂತ ಕೈಯನ್ನು, ಆಟದಲ್ಲಿ ಕೈ ಚಲಿಸುತ್ತಿರುತ್ತದೆ. ಭುಜದಿಂದ ಮೊಣಕೈವರೆಗಿನ ತೋಳು ಕದಲದೆ ಇದ್ದು, ಮೊಣಕೈ ಕೆಳಗಿನ ಮುಂಗೈ ಮಾತ್ರ ತೂಗುತ್ತದೆ. ತೂಗುವ ಕೈ ನೇರ ಗೆರೆಯಲ್ಲಿ ಹೋಗುವುದಿಲ್ಲ, ಕಮಾನಿನ ಹಾದಿ ಹಿಡಿಯುತ್ತದೆ. ಹಿಂದೆ ಎಳೆದಾಗ ಮೇಲಕ್ಕೇರುತ್ತದೆ, ನಡುವೆ ಇಳಿಯುತ್ತದೆ, ಮುಂದೆ ಹೋದಾಗ ಮತ್ತೆ ಏರುತ್ತದೆ. ಕ್ಯೂ ಮಾತ್ರ ಆದಷ್ಟೂ ಮಟ್ಟಸವಾಗಿ ಚಲಿಸಬೇಕು. ಕಮಾನನ್ನೂ ಗೆರೆಯನ್ನೂ ಹೊಂದಿಸುವ ಕೆಲಸ ಬೆರಳುಗಳದ್ದು. ಕ್ಯೂ ಹಿಂದೆ ಹೋದಂತೆ ಕಿರುಬೆರಳು, ಉಂಗುರಬೆರಳು, ಆಮೇಲೆ ನಡುಬೆರಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಕೊನೆಗೆ ಕ್ಯೂ ಉಂಗುರದಲ್ಲಷ್ಟೇ ಉಳಿಯುತ್ತದೆ. ಮುಂದೆ ಬರುವಾಗ ಅದೇ ಬೆರಳುಗಳು ಹಿಮ್ಮುಖ ಕ್ರಮದಲ್ಲಿ ಮುಚ್ಚಿಕೊಳ್ಳುತ್ತವೆ. ಚೆಂಡಿಗೆ ತಾಗಿದ ಮೇಲೂ ಕ್ಯೂ ಮುಂದೆ ಸಾಗಿ, ಕೈ ಎದೆಗೆ ಬಂದು ತಾಗಿ ನಿಂತಾಗ ಎಲ್ಲ ಬೆರಳೂ ಮುಚ್ಚಿರುತ್ತವೆ. ಟಿವಿಯಲ್ಲಿ ಒಳ್ಳೆಯ ಆಟಗಾರನನ್ನು ಹಿಂದಿನಿಂದ ತೋರಿಸುವಾಗ ಚೆಂಡು ಬಿಟ್ಟು ಈ ಬೆರಳುಗಳನ್ನೇ ಒಂದು ಫ್ರೇಮ್ ಪೂರ್ತಿ ನೋಡಿದರೆ ಎಷ್ಟೋ ಪಾಠದ ಶುಲ್ಕ ಉಳಿಯುತ್ತದೆ.

ಹಿಂದಿನ ಬೆರಳು ಬಿಚ್ಚದೆ ಹೋದರೆ? ಕೈ ಏರಿದಂತೆ ಬಟ್ಟೂ ಏರುತ್ತದೆ, ಟಿಪ್ ಕೆಳಗಿಳಿಯುತ್ತದೆ. ನಡುವಿಗೆ ಗುರಿಯಿಟ್ಟವನ ಟಿಪ್ ಚೆಂಡಿನ ಕೆಳಭಾಗಕ್ಕೆ ತಾಗುತ್ತದೆ. ಇನ್ನೂ ದೊಡ್ಡ ಪಿಡುಗೆಂದರೆ ಹೊಡೆಯುವ ಕೊನೆಯ ಗಳಿಗೆಯಲ್ಲಿ ಇಡೀ ಮುಷ್ಟಿಯನ್ನು ತಟ್ಟನೆ ಬಿಗಿಯುವುದು. ಬೆರಳು ಮುಚ್ಚುವುದು ಬೇರೆ, ಹಿಸುಕುವುದು ಬೇರೆ. ಹಿಸುಕಿದಾಗ ಮಣಿಕಟ್ಟು ತುಸು ತಿರುಗುತ್ತದೆ, ಬಟ್ ಪಕ್ಕಕ್ಕೆ ಜರುಗುತ್ತದೆ. ಮೇಲೆ ಲೆಕ್ಕ ಹಾಕಿದ ಆ ಒಂದು ಸೆಂ.ಮೀ. ಬರುವುದು ಇಲ್ಲಿಂದಲೇ.

ಮಣಿಕಟ್ಟಿನ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ. ಮೈ ಕಡೆಗೂ ಮಡಚಬಾರದು, ಹೊರಕ್ಕೂ ಬಾಗಬಾರದು. ಮೊಣಕೈಯಿಂದ ನೇರ ಕೆಳಗೆ ಇಳಿಬಿದ್ದಿರಬೇಕು.

ಬಟ್ಟಿನಲ್ಲಿ ಎಲ್ಲಿ ಹಿಡಿಯಬೇಕು ಎಂಬುದಕ್ಕೆ ಪಾರ್ಲರುಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತುದಿಯಿಂದ ನಾಲ್ಕು ಬೆರಳು ಬಿಡು, ಒಂದು ಗೇಣು ಬಿಡು, ತುದಿಯಲ್ಲೇ ಹಿಡಿ. ಇವೆಲ್ಲ ಹೇಳಿದವರ ತೋಳಿಗೆ ಸರಿಯಾದ ಅಳತೆಗಳು. ಅಳೆಯಬೇಕಾದದ್ದು ಕ್ಯೂವನ್ನಲ್ಲ, ಮುಂಗೈಯನ್ನು. ಟಿಪ್ ಚೆಂಡಿಗೆ ತಾಗುವಷ್ಟು ಹತ್ತಿರವಿದ್ದಾಗ ಮೊಣಕೈಯಿಂದ ಮುಷ್ಟಿವರೆಗಿನ ಭಾಗ ನೆಲಕ್ಕೆ ನೇರ ಲಂಬವಾಗಿರಬೇಕು. ಕಮಾನಿನ ತೀರಾ ಕೆಳಗಿನ ಬಿಂದು ಅದೇ, ಕ್ಯೂ ಮಟ್ಟಸವಾಗಿರುವುದು ಅಲ್ಲೇ. ಕೈ ತೀರಾ ಮುಂದೆ ಹಿಡಿದಿದ್ದರೆ ಚೆಂಡಿಗೆ ತಾಗುವ ಹೊತ್ತಿಗೆ ಮುಷ್ಟಿ ಮೇಲೇರತೊಡಗಿ ಟಿಪ್ ಕೆಳಗೆ ಕುಕ್ಕುತ್ತದೆ. ತೀರಾ ಹಿಂದೆ ಹಿಡಿದಿದ್ದರೆ ಮುಷ್ಟಿ ಇನ್ನೂ ಇಳಿಯುತ್ತಿರುತ್ತದೆ, ಟಿಪ್ ಮೇಲಕ್ಕೆ ಬರುತ್ತದೆ. ಇದನ್ನು ತಾನೇ ನೋಡಿಕೊಳ್ಳುವುದು ಕಷ್ಟ, ಪಕ್ಕದಲ್ಲಿ ನಿಂತವರು ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಆಯಿತು. ಉದ್ದನೆಯ ಆಳಿನ ಕೈ ಬಟ್ಟಿನ ತುದಿಗೇ ಹೋಗಬಹುದು. ಹನ್ನೆರಡು ವರ್ಷದ ಹುಡುಗಿಯ ಕೈ ಎಷ್ಟೋ ಇಂಚು ಮುಂದಿರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ 'ದೊಡ್ಡವರ ಹಾಗೆ ತುದಿಯಲ್ಲಿ ಹಿಡಿ' ಎಂದು ಹೇಳುವುದೇ ತಪ್ಪು. ಗಿಡ್ಡನೆಯ ಕ್ಯೂ ಸಿಕ್ಕರೆ ಇನ್ನೂ ಒಳ್ಳೆಯದು. ನಿಯಮದ ಪ್ರಕಾರ ಕ್ಯೂ ಮೂರು ಅಡಿಗಿಂತ ಕಡಿಮೆ ಇರಬಾರದು, ಅಷ್ಟೆ.

ಬಹುತೇಕ ಸ್ನೂಕರ್ ಕ್ಯೂಗಳಲ್ಲಿ ಬಟ್ಟಿನ ತುದಿಗೆ ಒಂದು ಕಡೆ ಚಪ್ಪಟೆ ಮಾಡಿ, ತಯಾರಕರ ಬ್ಯಾಡ್ಜ್ ಕೂರಿಸಿರುತ್ತಾರೆ. ಅದು ಬರೀ ಅಲಂಕಾರವಲ್ಲ. ಪ್ರತಿ ಸಲವೂ ಚಪ್ಪಟೆ ಭಾಗ ಕೈಯೊಳಗೆ ಒಂದೇ ಕಡೆಗೆ ಬರುವಂತೆ ಹಿಡಿದರೆ ಬೆರಳಿಗೆ ಒಂದೇ ಅನುಭವ ಸಿಗುತ್ತದೆ. ಆ್ಯಶ್ ಮರದ ಕ್ಯೂ ಆಗಿದ್ದರೆ ಅದರ ಮೇಲಿನ ಬಾಣದಂಥ ಗೆರೆಗಳೂ ಇದೇ ಕೆಲಸಕ್ಕೆ ಬರುತ್ತವೆ. ದಿನಕ್ಕೊಂದು ಬಾಡಿಗೆ ಕ್ಯೂ ಎತ್ತಿಕೊಂಡು ಆಡುವವರು ಕಳೆದುಕೊಳ್ಳುವುದು ಇದನ್ನೇ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಬ್ರಿಟಿಷ್ ಅಧಿಕಾರಿ (ಮುಂದೆ ಪ್ರಧಾನಿಯಾದ ಅದೇ ಹೆಸರಿನವರಲ್ಲ) ಇದನ್ನು ಶುರುಮಾಡಿದರು. ಮೈಸೂರಿನವರು ಬಂಡೀಪುರ ದಾಟಿ ಹೋಗುವ ಊಟಿಯ ಕ್ಲಬ್ಬಿನಲ್ಲಿ ಇದರ ನಿಯಮಗಳು ರೂಪುಗೊಂಡವು. ಹಿಡಿತವನ್ನು ಹೇಳಿಕೊಡುವ ವಿದ್ಯೆ ಮಾತ್ರ ಇಂಗ್ಲೆಂಡಿನಲ್ಲಿ ಬೆಳೆಯಿತು. 1927ರಿಂದ 1946ರವರೆಗೆ ಹದಿನೈದು ವಿಶ್ವ ಪ್ರಶಸ್ತಿಗಳನ್ನು ಗೆದ್ದು ಒಮ್ಮೆಯೂ ಕಿರೀಟ ಬಿಟ್ಟುಕೊಡದ ಜೋ ಡೇವಿಸ್ ತಾನು ಆಡುವ ಬಗೆಯನ್ನು 1949ರಲ್ಲಿ ಪುಸ್ತಕವಾಗಿ ಬರೆದರು. ಆ ಪುಸ್ತಕವನ್ನು ಮುಂದಿಟ್ಟುಕೊಂಡು ಲಂಡನ್ನಿನಲ್ಲಿ ಬಿಲ್ ಎಂಬ ತಂದೆ ಮಗನಿಗೆ ಆಟ ಕಲಿಸಿದರು. ಆ ಮಗ ಸ್ಟೀವ್ ಡೇವಿಸ್, 1980ರ ದಶಕದಲ್ಲಿ ಆರು ಸಲ ವಿಶ್ವ ಚಾಂಪಿಯನ್. ಜೋ ಡೇವಿಸ್‌ಗೂ ಅವರಿಗೂ ನಂಟಸ್ತನವಿಲ್ಲ, ಹೆಸರಷ್ಟೇ ಒಂದು.

ಬೆಂಗಳೂರಿನಲ್ಲಿ ಇದಕ್ಕೆ ಸಮನಾದ ಪರಂಪರೆ ಇರುವುದು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ. ಅಣ್ಣ ಶ್ರೀ ಅಡ್ವಾಣಿಯ ಹಿಂದೆ ಆಟ ನೋಡಲು ಹೋದ ಪಂಕಜ್ ಅಡ್ವಾಣಿ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಶಿಷ್ಯನಾದರು. 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು. ಆಮೇಲೆ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ಸೇರಿ ಎರಡು ಡಜನ್ನಿಗೂ ಮಿಕ್ಕಿ ವಿಶ್ವ ಪ್ರಶಸ್ತಿಗಳು ಬಂದವು. ಒಂದು ಆಟದಿಂದ ಇನ್ನೊಂದಕ್ಕೆ ಇಷ್ಟು ಸಲೀಸಾಗಿ ದಾಟುವುದು ಲೋಕದಲ್ಲೇ ಅಪರೂಪ. ಬಿಲಿಯರ್ಡ್ಸ್‌ನಲ್ಲಿ ಮೆಲ್ಲಗೆ ಮುಟ್ಟಿ ಮುಟ್ಟಿ ನೂರಾರು ಅಂಕ ಕೂಡಿಸಬೇಕು, ಅಲ್ಲಿ ಬಿಗಿಮುಷ್ಟಿಗೆ ಜಾಗವೇ ಇಲ್ಲ. ಗೀತ್ ಸೇಠಿ 1992ರ ವಿಶ್ವ ವೃತ್ತಿಪರ ಬಿಲಿಯರ್ಡ್ಸ್‌ನಲ್ಲಿ ಒಂದೇ ಬ್ರೇಕ್‌ನಲ್ಲಿ 1276 ಅಂಕ ಗಳಿಸಿದ್ದು ನೆನಪಿರಬಹುದು. ಸ್ನೂಕರ್ ಕಲಿಯುವ ಮಕ್ಕಳಿಗೆ ವಾರದಲ್ಲಿ ಒಂದು ದಿನವಾದರೂ ಬಿಲಿಯರ್ಡ್ಸ್ ಆಡಿಸಿದರೆ ಕೈ ತಾನಾಗಿಯೇ ಹಗುರಾಗುತ್ತದೆ.

ಹಗುರ ಹಿಡಿತಕ್ಕೆ ಇನ್ನೊಂದು ಕಾರಣ ಹೊತ್ತು. 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಕರ್ನಾಟಕದ ಆಟಗಾರ್ತಿ ವಿದ್ಯಾ ಪಿಳ್ಳೈ ಹಾಂಗ್‌ಕಾಂಗ್‌ನ ಇಂಗ್ ಆನ್ ಯೀ ಎದುರು 5-6ರಿಂದ ಸೋತರು. ಪಂದ್ಯ ನಡೆದದ್ದು ಎಂಟು ಗಂಟೆಗೂ ಹೆಚ್ಚು. ಅರ್ಧ ಗಂಟೆಗೇ ಮುಂಗೈ ನೋಯುವ ಹಿಡಿತ ಹಿಡಿದವರು ಅಂಥ ದಿನ ಏನು ಮಾಡಿಯಾರು?

ಕೈ ಬಿಗಿಯುವುದು ಕಲಿಯುವವರಿಗಷ್ಟೇ ಬರುವ ಕಾಯಿಲೆಯೂ ಅಲ್ಲ. ಏಳು ಸಲ ವಿಶ್ವ ಚಾಂಪಿಯನ್ ಆದ ಸ್ಟೀಫನ್ ಹೆಂಡ್ರಿ ತಮ್ಮ ವೃತ್ತಿಯ ಕೊನೆಯ ವರ್ಷಗಳಲ್ಲಿ ಕ್ಯೂವನ್ನು ಚೆಂಡಿನ ಮೂಲಕ ಸರಾಗವಾಗಿ ಹಾಯಿಸಲಾಗದೆ ಒದ್ದಾಡಿದ್ದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಹೊಡೆಯುವ ಗಳಿಗೆಯಲ್ಲಿ ಕೈ ಸೆಟೆದು ವೇಗ ಕಳೆದುಕೊಳ್ಳುವುದಕ್ಕೆ ಆಟಗಾರರು 'ಯಿಪ್ಸ್' ಎನ್ನುತ್ತಾರೆ. ಸೋಜಿಗವೆಂದರೆ ನಿವೃತ್ತಿ ಘೋಷಿಸಿದ 2012ರ ಅದೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಗರಿಷ್ಠ 147 ಕೂಡ ಹೊಡೆದರು. ಕೈಗೆ ಆಟ ಮರೆತಿರಲಿಲ್ಲ ಎಂದಾಯಿತು.

ಎಲ್ಲರ ಹಿಡಿತವೂ ಒಂದೇ ಅಚ್ಚಿನದಾಗಿರಬೇಕೇ? ಇಲ್ಲ. ಕೆಲವರು ಮುಂದಿನ ಎರಡು ಬೆರಳಿನಲ್ಲಿ ಹೊರುತ್ತಾರೆ, ಕೆಲವರು ಭಾರವನ್ನು ನಡುಬೆರಳಿಗೆ ಬಿಡುತ್ತಾರೆ, ಇನ್ನು ಕೆಲವರ ನಾಲ್ಕೂ ಬೆರಳು ಹಗುರಾಗಿ ಸುತ್ತಿರುತ್ತವೆ. ರಾನಿ ಓ'ಸಲಿವನ್ ಎರಡೂ ಕೈಯಲ್ಲಿ ಆಡಬಲ್ಲರು. 1996ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಎಡಗೈಯಲ್ಲಿ ಹೊಡೆಯತೊಡಗಿದಾಗ, ಇದು ತನಗೆ ಅವಮಾನ ಎಂದು ಎದುರಾಳಿ, ಕೆನಡಾದ ಅಲೇನ್ ರೊಬಿಡೂ ದೂರಿದ್ದರು. ನಿಜವಾಗಿ ಎಡಗೈ ಅಭ್ಯಾಸ ಮಾಡಿದವರಿಗೆ ಕೈಗೆಟುಕದ ಚೆಂಡಿಗೆ ಬ್ರಿಜ್ಜಿನ ಬದಲು ಕ್ಯೂ ಊರುವ ಕೋಲಾದ ರೆಸ್ಟಿನ ಹಂಗು ಕಡಿಮೆ. ಆದರೆ ಬೆರಳ ಜೋಡಣೆ ಯಾವುದೇ ಇರಲಿ, ದೊಡ್ಡವರೆಲ್ಲರಲ್ಲೂ ಸಮಾನವಾದ ಅಂಶ ಒಂದಿದೆ: ಕ್ಯೂ ಹಿಂದೆ ಹೋಗುವಾಗಲೂ ಮುಂದೆ ಬರುವಾಗಲೂ ಹಿಡಿತದ ಒತ್ತಡ ಜಿಗಿಯುವುದಿಲ್ಲ.

ಬಿಗಿ ಹಿಡಿದರೆ ಬಲ ಹೆಚ್ಚುತ್ತದೆ ಎಂಬುದು ಪಾರ್ಲರುಗಳ ಹಳೆಯ ನಂಬಿಕೆ. ವೈಟನ್ನು ಹಿಂದಕ್ಕೆ ಎಳೆಯುವ ಸ್ಕ್ರೂ ಹೊಡೆತದಲ್ಲಿ ಇದು ಸುಳ್ಳೆಂದು ಗೊತ್ತಾಗುತ್ತದೆ. ಬಿಗಿದ ಕೈ ಚೆಂಡಿಗೆ ತಾಗುತ್ತಲೇ ನಿಂತುಬಿಡುತ್ತದೆ, ವೈಟ್ ಒಂದು ಗೇಣು ಹಿಂದೆ ಬಂದು ಸುಮ್ಮನಾಗುತ್ತದೆ. ಸಡಿಲ ಕೈ ವೇಗ ಹೆಚ್ಚಿಸುತ್ತ ಹೋಗಿ, ತಾಗಿದ ಮೇಲೂ ನಾಲ್ಕೈದು ಇಂಚು ಮುಂದೆ ಸಾಗಿದಾಗ ಅದೇ ವೈಟ್ ಮೇಜಿನ ಅರ್ಧ ಉದ್ದ ಹಿಂದಿರುಗುತ್ತದೆ. ಬಲ ಬರುವುದು ಕ್ಯೂವಿನ ವೇಗದಿಂದ.

ಎರಡು ಸಂದರ್ಭಗಳಲ್ಲಿ ಮಾತ್ರ ಹಿಡಿತ ಬದಲಾಗಲೇಬೇಕು. ವೈಟ್ ಕುಶನ್ನಿಗೆ ಅಂಟಿಕೊಂಡಿದ್ದರೆ ಬಟ್ ಸ್ವಲ್ಪ ಏರುವುದು ಅನಿವಾರ್ಯ. ಆಗ ಹಿಂದಿನ ಕೈಯನ್ನು ಕೆಲವು ಇಂಚು ಮುಂದಕ್ಕೆ ತಂದು, ಕ್ಯೂವನ್ನು ಹೆಚ್ಚು ಹಿಂದೆ ಎಳೆಯದೆ ಹೊಡೆಯಬೇಕು. ಇನ್ನೊಂದು ರೆಸ್ಟ್. ಅಲ್ಲಿ ಮುಂಗೈ ಇಳಿಬೀಳುವುದಿಲ್ಲ, ಮೊಣಕೈ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಬಟ್ಟಿನ ಕಟ್ಟಕಡೆಯನ್ನು ಕೆಳಗಿನಿಂದ ಹೆಬ್ಬೆರಳು, ಮೇಲಿನಿಂದ ತೋರುಬೆರಳು ಮತ್ತು ನಡುಬೆರಳು ಹಿಡಿಯುತ್ತವೆ. ರೆಸ್ಟಿನ ಹಿಡಿಯನ್ನು ಇನ್ನೊಂದು ಕೈ ಮೇಜಿಗೆ ಒತ್ತಿ ಕದಲದಂತೆ ಇಟ್ಟಿರುತ್ತದೆ. ಹೆಚ್ಚಿನವರು ಇದನ್ನು ಪಂದ್ಯದಲ್ಲಿ ಮಾತ್ರ ಎತ್ತಿಕೊಳ್ಳುವುದರಿಂದ ಪಂದ್ಯದಲ್ಲೇ ತಪ್ಪುತ್ತಾರೆ.

ಬೆವರು ನಮ್ಮ ಕಡೆಯ ನಿಜವಾದ ಸಮಸ್ಯೆ. ಮಂಗಳೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಆಡಿದರೆ ಬಟ್ ಜಾರುತ್ತದೆ, ಜಾರುವ ಭಯಕ್ಕೆ ಕೈ ಬಿಗಿಯುತ್ತದೆ. ಪೌಡರ್ ಸುರಿದರೆ ಅದು ಮೇಜಿನ ಬಟ್ಟೆಗೆ ಇಳಿದು ಕಲೆಯಾಗುತ್ತದೆ, ಪಾರ್ಲರಿನವರ ಬೈಗುಳ ಬೇರೆ. ಒಂದು ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಪ್ರತಿ ಸರದಿ ಮುಗಿದಾಗ ಬಟ್ಟನ್ನೂ ಅಂಗೈಯನ್ನೂ ಒರೆಸಿಕೊಂಡರೆ ಆಯಿತು. ಉಂಗುರ ತೆಗೆದಿಡುವುದು ಒಳ್ಳೆಯದು. ಟೆನಿಸ್ ರ‍್ಯಾಕೆಟ್ಟಿಗೆ ಸುತ್ತುವ ಟೇಪನ್ನು ಬಟ್ಟಿಗೆ ಸುತ್ತುವವರಿದ್ದಾರೆ. ಅದು ಬೆರಳು ಜಾರಿ ಬಿಚ್ಚಿಕೊಳ್ಳುವುದನ್ನೇ ತಡೆಯುವುದರಿಂದ ಬೇಡ.

ಅಭ್ಯಾಸಕ್ಕೆ ದುಬಾರಿ ಸಾಮಾನೇನೂ ಬೇಡ. ಮನೆಯ ಊಟದ ಮೇಜಿನ ಮೇಲೆ ಖಾಲಿ ಬಾಟಲಿಯೊಂದನ್ನು ಅಡ್ಡ ಮಲಗಿಸಿ, ಅದರ ಬಾಯಿಯೊಳಗೆ ಟಿಪ್ ಅಂಚಿಗೆ ತಾಗದಂತೆ ಹೋಗಿ ಬರುವ ಹಾಗೆ ಕ್ಯೂ ಆಡಿಸಬೇಕು. ಪಾರ್ಲರಿನಲ್ಲಾದರೆ ವೈಟನ್ನು ಬ್ರೌನ್ ಇಡುವ ಗುರುತಿನ ಮೇಲಿಟ್ಟು, ಬ್ಲೂ, ಪಿಂಕ್, ಬ್ಲ್ಯಾಕ್ ಗುರುತುಗಳ ಮೇಲೆ ಹಾದು ಹೋಗುವಂತೆ ಎದುರಿನ ಕುಶನ್ನಿಗೆ ಹೊಡೆಯಬೇಕು. ಹೊಡೆದ ಮೇಲೆ ಕ್ಯೂ ಅಲ್ಲೇ ಇರಲಿ. ಚೆಂಡು ಅದೇ ಗೆರೆಯಲ್ಲಿ ವಾಪಸು ಬಂದು ಟಿಪ್ಪಿಗೇ ತಾಗಿದರೆ ಕೈ ನೇರ ಬಂದಿದೆ. ಬಲಗೈ ಆಟಗಾರನ ಚೆಂಡು ಕುಶನ್ನಿನಿಂದ ಬಲಕ್ಕೆ ತಿರುಗಿದರೆ ಟಿಪ್ ಬಲಕ್ಕೆ ತಾಗಿದೆ, ಅಂದರೆ ಹಿಂದಿನ ಕೈ ಮೈಯ ಕಡೆಗೆ ಸರಿದಿರುವ ಸಾಧ್ಯತೆ ಹೆಚ್ಚು. ಎಡಕ್ಕೆ ತಿರುಗಿದರೆ ಕೈ ಹೊರಗೆ ಹೋಗಿರಬಹುದು. ಮೊದಲು ಮೆಲ್ಲಗೆ, ಆಮೇಲೆ ವೇಗವಾಗಿ. ಮೆಲ್ಲಗೆ ಹೊಡೆದಾಗ ನೇರ ಬಂದು, ಜೋರಾಗಿ ಹೊಡೆದಾಗ ಮಾತ್ರ ತಪ್ಪಿದರೆ ಗುರಿಯನ್ನು ದೂರುವಂತಿಲ್ಲ, ಮುಷ್ಟಿ ಹಿಸುಕುತ್ತಿದೆ.

ಹೊಸ ಹಿಡಿತ ಮೊದಮೊದಲು ಪಾಟ್‌ಗಳನ್ನು ಕಡಿಮೆ ಮಾಡುತ್ತದೆ, ಹೆಚ್ಚು ಮಾಡುವುದಿಲ್ಲ. ಹಳೆಯ ತಪ್ಪಿಗೆ ಹೊಂದಿಕೊಂಡ ಕಣ್ಣು ತನ್ನ ಲೆಕ್ಕವನ್ನು ತಿದ್ದಿಕೊಳ್ಳಲು ವಾರಗಳೇ ಬೇಕು. ಹಾಗಾಗಿ ಟೂರ್ನಮೆಂಟ್ ಹತ್ತಿರವಿದ್ದರೆ ಇದ್ದ ಹಿಡಿತದಲ್ಲೇ ಆಡಿ ಮುಗಿಸಿ. ಬದಲಾವಣೆಯನ್ನು ಪಂದ್ಯಗಳಿಲ್ಲದ ತಿಂಗಳಿಗೆ ಇಟ್ಟುಕೊಳ್ಳಿ.